ತಂಗಿಯ ಡಿಸೈನ್ ಓದಿಗೆ 55 ಸಾವಿರದೊಳಗೆ ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?

ದಾವಣಗೆರೆ ಅಣ್ಣ:
ತಂಗಿಗೆ ಮೈಸೂರಿನಲ್ಲಿ ಬಿ.ವಿ.ಎ. (ದೃಶ್ಯಕಲೆ ಪದವಿ) ಸೀಟು ಸಿಕ್ಕಿದೆ. ಮುಂದೆ ಅಪ್ಲೈಡ್ ಆರ್ಟ್ (ಪೋಸ್ಟರ್, ಜಾಹೀರಾತು ಡಿಸೈನ್) ಮಾಡಬೇಕು ಅಂತ ಅವಳ ಆಸೆ. ಹಾಸ್ಟೆಲ್ ಫೀಸು ಕಟ್ಟಿದ ಮೇಲೆ ಕೈಯಲ್ಲಿ 55 ಸಾವಿರ ಉಳಿದಿದೆ, ಅದರ ಮೇಲೆ ಹೋಗೋಕೆ ಆಗಲ್ಲ. ಅಂಗಡಿಯವರು ಗೇಮಿಂಗ್ ಲ್ಯಾಪ್‌ಟಾಪ್ ತೋರಿಸಿ, ಡಿಸೈನ್ ಅಂದ್ರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು ಅಂತಾರೆ. ನಾನು ಅಕೌಂಟ್ಸ್ ಕೆಲಸದವನು, ನನಗಿದು ತಿಳಿಯಲ್ಲ. ಏನು ನೋಡಿ ತಗೊಳ್ಳಲಿ?

ಬೆಂಗಳೂರು ಹುಡುಗ:
ಅಂಗಡಿಯವರು ಹೇಳಿದ್ದು ಸರಿ ಬ್ರೋ. ಆರ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡ್ ಇರೋದೇ ತಗೊಳ್ಳಿ. ನಾಳೆ ಬ್ಲೆಂಡರ್‌ನಲ್ಲಿ ತ್ರೀಡಿ ಕೆಲಸ, ವಿಡಿಯೋ ಎಡಿಟಿಂಗ್ ಎಲ್ಲಾ ಬರುತ್ತೆ.

ಹುಬ್ಬಳ್ಳಿ ಪ್ರೆಸ್:
ನಾನು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡಿಸೈನ್ ವಿಭಾಗ ನೋಡಿಕೊಳ್ಳುತ್ತೇನೆ. ಮಕ್ಕಳು ಕಾಲೇಜಿನ ಪೋಸ್ಟರ್ ಹಿಡಿದು ನಮ್ಮಲ್ಲಿಗೇ ಬರುತ್ತಾರೆ. ನನ್ನ ಮಾತು ಒಂದೇ: ಮೊದಲು ಸ್ಕ್ರೀನ್ ನೋಡಿ, ಆಮೇಲೆ ರ‍್ಯಾಮ್. ಗ್ರಾಫಿಕ್ಸ್ ಕಾರ್ಡ್ ಕೊನೆಗೆ.

ಈ ಬೆಲೆಯ ಬಹಳಷ್ಟು ಲ್ಯಾಪ್‌ಟಾಪ್‌ಗಳ ವಿವರದಲ್ಲಿ ‘45% ಎನ್‌ಟಿಎಸ್‌ಸಿ’ ಅಂತ ಇರುತ್ತದೆ, ಗೇಮಿಂಗ್‌ನವೂ ಸೇರಿ. ಸ್ಕ್ರೀನ್ ಎಷ್ಟು ಬಣ್ಣ ತೋರಿಸುತ್ತದೆ ಅನ್ನೋ ಅಳತೆ ಅದು. ಎಸ್‌ಆರ್‌ಜಿಬಿ ಅನ್ನೋ ಇನ್ನೊಂದು ಅಳತೆಯ ಲೆಕ್ಕದಲ್ಲಿ ಅದು ಸುಮಾರು 60-65% ಅಷ್ಟೇ. ಅಂಥ ಸ್ಕ್ರೀನಲ್ಲಿ ಕುಂಕುಮದ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಪಾಪ, ಹುಡುಗಿ ಬಣ್ಣ ಸಪ್ಪೆ ಅಂದುಕೊಂಡು ಸ್ಯಾಚುರೇಷನ್ (ಬಣ್ಣದ ಗಾಢತೆ) ಏರಿಸುತ್ತಾಳೆ. ಅದೇ ಫೈಲ್ ಮೇಷ್ಟ್ರ ಫೋನಲ್ಲಿ ಕಣ್ಣಿಗೆ ಹೊಡೆಯುತ್ತದೆ. ನಮ್ಮ ಪ್ರೆಸ್ಸಿಗೆ ಬಂದರೆ ಮುಖಗಳೆಲ್ಲ ಕೆಂಪಗೆ! ತಪ್ಪು ಅವಳದ್ದಲ್ಲ. ಕಲಿಯೋ ವಯಸ್ಸಿನಲ್ಲಿ ಕಣ್ಣಿಗೆ ಸುಳ್ಳು ಬಣ್ಣ ಅಭ್ಯಾಸ ಆಗಬಾರದು ಅನ್ನೋದೇ ನನ್ನ ಕಾಳಜಿ.

ಆದ್ದರಿಂದ ‘100% ಎಸ್‌ಆರ್‌ಜಿಬಿ’ ಅಥವಾ ‘72% ಎನ್‌ಟಿಎಸ್‌ಸಿ’ ಅಂತ ಬರೆದಿದೆಯಾ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ. ಒಂದೇ ಹೆಸರಿನ ಮಾಡೆಲ್ ಬೇರೆ ಬೇರೆ ಸ್ಕ್ರೀನ್ ಹಾಕಿಕೊಂಡು ಬರುತ್ತದೆ, ಹಾಗಾಗಿ ಪೂರ್ತಿ ಮಾಡೆಲ್ ನಂಬರ್ ಹಿಡಿದು ಹುಡುಕಿ. ಅಂಗಡಿಗೆ ಹೋದಾಗ ತಂಗಿಯನ್ನೂ ಕರೆದುಕೊಂಡು ಹೋಗಿ. ಅವಳೇ ಬಿಡಿಸಿದ ಚಿತ್ರದ ಫೋಟೋ ಪೆನ್‌ಡ್ರೈವ್‌ನಲ್ಲಿ ಹಾಕಿ ಎರಡು ಮೂರು ಲ್ಯಾಪ್‌ಟಾಪ್‌ನಲ್ಲಿ ಪಕ್ಕಪಕ್ಕ ತೆರೆಯಲಿ. ಮೂಲ ಚಿತ್ರವೂ ಕೈಯಲ್ಲಿರಲಿ. ಅಂಗಡಿಯ ವಾಲ್‌ಪೇಪರ್ ನೋಡಿ ಮರುಳಾಗಬೇಡಿ. ಸ್ಕ್ರೀನನ್ನು ಹಿಂದೆ ಮುಂದೆ ಬಾಗಿಸಿದಾಗ ಬಣ್ಣ ಬದಲಾದರೆ ಅದು ಬೇಡ.

ರ‍್ಯಾಮ್ 16 ಜಿಬಿ ಇರಲಿ, ಫೈಲ್ ಇಡೋ ಎಸ್‌ಎಸ್‌ಡಿ 512 ಜಿಬಿ. ಸದ್ಯಕ್ಕೆ 8 ಜಿಬಿ ತಗೊಂಡು ಆಮೇಲೆ ಹಾಕಿಸೋಣ ಅಂದ್ರೆ ಖಾಲಿ ಸ್ಲಾಟ್ ಇದೆಯಾ ಕೇಳಿ. ರ‍್ಯಾಮ್ ವಿವರದಲ್ಲಿ ‘ಎಲ್‌ಪಿಡಿಡಿಆರ್’ ಅಂತ ಇದ್ದರೆ ಸಾಮಾನ್ಯವಾಗಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಏನೂ ಮಾಡೋಕೆ ಆಗಲ್ಲ. ಫೋಟೋಶಾಪ್, ಇಲ್ಲಸ್ಟ್ರೇಟರ್, ಫಿಗ್ಮಾ ಇವಕ್ಕೆ ಈಗಿನ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಧಾರಾಳ ಸಾಕು.

ಇಂಟೀರಿಯರ್ ವಿದ್ಯಾರ್ಥಿನಿ:
ಪ್ರೆಸ್ಸಿನ ಅಣ್ಣ ಹೇಳಿದ್ದು ಗ್ರಾಫಿಕ್ ಡಿಸೈನ್‌ಗೆ ಸರಿ. ನಮ್ಮ ಹಾಗೆ ತ್ರೀಡಿ ರೆಂಡರ್ ಮಾಡೋರಿಗೆ ಕಾರ್ಡ್ ಬೇಕೇ ಬೇಕು, ಇಲ್ಲಾಂದ್ರೆ ಒಂದು ರೂಮಿನ ಚಿತ್ರಕ್ಕೆ ರಾತ್ರಿಯೆಲ್ಲಾ ಕಾಯಬೇಕು. ನಾವು ಬಳಸೋ 3ಡಿಎಸ್ ಮ್ಯಾಕ್ಸ್, ರೆವಿಟ್ ಸಾಫ್ಟ್‌ವೇರ್ ಎರಡೂ ವಿಂಡೋಸ್‌ಗೆ ಮಾತ್ರ, ತಯಾರಿಸೋ ಆಟೋಡೆಸ್ಕ್ ಕಂಪನಿ ವಿದ್ಯಾರ್ಥಿಗಳಿಗೆ ಅವನ್ನ ಉಚಿತ ಕೊಡುತ್ತೆ.

ದಾವಣಗೆರೆ ಅಣ್ಣ:
ತುಂಬಾ ಥ್ಯಾಂಕ್ಸ್. ಸೆಕೆಂಡ್ ಹ್ಯಾಂಡ್ ನೋಡಬಹುದಾ? ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಅರ್ಧ ಬೆಲೆಗೆ ಸಿಗುತ್ತೆ ಅಂತಾರೆ.

ಹುಬ್ಬಳ್ಳಿ ಪ್ರೆಸ್:
ಸಿಗುತ್ತದೆ. ಆದರೆ ಆಫೀಸುಗಳಿಂದ ಬಂದವುಗಳಲ್ಲಿ ಬಹುಪಾಲಿಗೆ ಅದೇ 45% ಸ್ಕ್ರೀನ್. ಬಾಡಿ ಗಟ್ಟಿ, ಬಣ್ಣ ಇಲ್ಲ. ಬ್ಯಾಟರಿಯೂ ಸವೆದಿರುತ್ತದೆ.

ಇನ್ನೊಂದು ವಿಷಯ. ಬಿ.ವಿ.ಎ. ಮೊದಲ ವರ್ಷ ಫೌಂಡೇಷನ್. ಪೆನ್ಸಿಲ್, ಬಣ್ಣ, ಜೇಡಿಮಣ್ಣು, ಬಹುತೇಕ ಕೈಕೆಲಸವೇ. ಈಗಲೇ ಲ್ಯಾಪ್‌ಟಾಪ್ ಬೇಕಾ ಅಂತ ಸೀನಿಯರ್ಸ್ ಹತ್ತಿರ ಒಮ್ಮೆ ಕೇಳಿಸಿ. ಅಪ್ಲೈಡ್ ಆರ್ಟ್ ಖಚಿತವಾದ ಮೇಲೆ ತಗೊಂಡರೆ ವಾರಂಟಿಯ ಒಂದು ವರ್ಷ ಸುಮ್ನೆ ಕಳೆದುಹೋಗಲ್ಲ. ಅಲ್ಲಿಯವರೆಗೆ ಆ ದುಡ್ಡಲ್ಲಿ ಸ್ವಲ್ಪ ತೆಗೆದು ಒಳ್ಳೆ ಕಾಗದ, ಒಳ್ಳೆ ಬ್ರಷ್ ಕೊಡಿಸಿ. ಚಿತ್ರ ಬಿಡಿಸೋ ಸಾಫ್ಟ್‌ವೇರ್‌ಗಳಾದ ಕ್ರಿಟಾ, ಇಂಕ್‌ಸ್ಕೇಪ್ ಎರಡೂ ಉಚಿತ, ಕಾಲೇಜ್ ಲ್ಯಾಬ್‌ನಲ್ಲಿ ಹಾಕಲು ಬಿಟ್ಟರೆ ಅಲ್ಲೇ ಕೈ ಪಳಗಿಸಲಿ.

ದಾವಣಗೆರೆ ಅಣ್ಣ:
ಇದನ್ನ ಯಾರೂ ಹೇಳಿರಲಿಲ್ಲ. ಇವತ್ತೇ ಅವಳ ಹತ್ತಿರ ಕೇಳಿಸ್ತೀನಿ. ಅಂಗಡಿಯವರಿಗೆ ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ.