ಸಹಾಯ ಬೇಕು: ಮಗಳ ಲ್ಯಾಪ್‌ಟಾಪ್‌ಗೆ ವಿದ್ಯಾರ್ಥಿ ರಿಯಾಯಿತಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈ ವರ್ಷ ಬೆಂಗಳೂರಿನಲ್ಲೇ ಎಂಜಿನಿಯರಿಂಗ್‌ಗೆ ಸೇರಿದ್ದು, ಅವಳಿಗೆ 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್ ಕೊಡಿಸಬೇಕಾಗಿದೆ. ಎಚ್‌ಪಿ, ಲೆನೊವೊ, ಆಪಲ್ ಕಂಪನಿಗಳು ತಮ್ಮ ಜಾಲತಾಣಗಳಲ್ಲಿ ವಿದ್ಯಾರ್ಥಿಗಳಿಗೆ ಪ್ರತ್ಯೇಕ ದರ ನೀಡುತ್ತವೆಯಾದರೂ ವಿದ್ಯಾರ್ಥಿಯೆಂದು ದೃಢಪಡಿಸಬೇಕಾಗುತ್ತದೆ. ಕಾಲೇಜಿನ ಇಮೇಲ್ ಆಗಲಿ ಗುರುತಿನ ಚೀಟಿಯಾಗಲಿ ಇನ್ನೂ ಬಂದಿಲ್ಲ, ಅವಳ ಕೈಯಲ್ಲಿರುವುದು ಮೊಹರು ಒತ್ತಿದ ಶುಲ್ಕದ ರಸೀದಿ ಮಾತ್ರ. ಶನಿವಾರ ಎಸ್‌.ಪಿ. ರಸ್ತೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಬಿಲ್ ಬೇಡವೆಂದರೆ ಎರಡು ಸಾವಿರ ಇಳಿಸುವುದಾಗಿ ಕ್ಯಾಲ್ಕ್ಯುಲೇಟರ್ ತಿರುಗಿಸಿ ತೋರಿಸಿದರು. ಬಿಲ್ಲಿಲ್ಲದೆ ವಾರಂಟಿ ಕೇಳುವುದು ಕಷ್ಟವೆಂದು ನಾನು ಒಪ್ಪಲಿಲ್ಲ. ರಸೀದಿಯ ಮೇಲೆಯೇ ರಿಯಾಯಿತಿ ಪಡೆದವರು, ಅದರೊಂದಿಗೆ ಬ್ಯಾಂಕ್ ಕಾರ್ಡಿನ ಕ್ಯಾಶ್‌ಬ್ಯಾಕ್ ಕೂಡ ಸಿಕ್ಕವರು ಇದ್ದರೆ, ಯಾವ ಕಂಪನಿಯಲ್ಲಿ ಎಂಬುದನ್ನು ದಯವಿಟ್ಟು ತಿಳಿಸಿ. ತರಗತಿಗಳು ಮುಂದಿನ ಸೋಮವಾರ ಆರಂಭವಾಗುತ್ತವೆ.