'ಪೂರ್ತಿ ಹಾರ್ಲಿಕ್ಸ್' ಅಂದರೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಬ್ರಿಟನ್ನಿನ ರಾಜಕೀಯದ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ದಿನದಿಂದ ಒಂದೇ ಪದದ ಮುಂದೆ ಕೂತಿದ್ದೇನೆ. ಕಷ್ಟದ ಪದವೇನಲ್ಲ, ನಮ್ಮ ಅಡುಗೆಮನೆಯದ್ದೇ. ಹಾರ್ಲಿಕ್ಸ್.

2003ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರ ಇರಾಕ್ ಕುರಿತು ಒಂದು ಕಡತ ಹೊರತಂದಿತ್ತು. ಅದರ ಒಂದಷ್ಟು ಭಾಗ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಬರಹದಿಂದ ಎತ್ತಿದ್ದು ಅಂತ ಗೊತ್ತಾಗಿ ಮಾನ ಹೋಯಿತು. ಜೂನ್‌ನಲ್ಲಿ ವಿದೇಶಾಂಗ ಸಚಿವ ಜ್ಯಾಕ್ ಸ್ಟ್ರಾ ಸಂಸದೀಯ ಸಮಿತಿಯ ಮುಂದೆ ಆ ಕಡತವನ್ನು 'ಪೂರ್ತಿ ಹಾರ್ಲಿಕ್ಸ್' ಎಂದರು. ಇದನ್ನು ಹಾಗೇ ಬಿಟ್ಟರೆ ನಮ್ಮ ಓದುಗರು ಏನು ತಿಳಿಯಬೇಕು? ಕಡತ ತುಂಬಾ ಪೌಷ್ಟಿಕವಾಗಿತ್ತು ಅಂತ!

ಅಲ್ಲಿ 'ಹಾರ್ಲಿಕ್ಸ್ ಮಾಡು' ಅಂದರೆ ಕೆಲಸ ಕೆಡಿಸಿಡು ಎಂದರ್ಥ. ಪಾನೀಯದ ಗುಣಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಚ್ಚುಕಡಿಮೆ ಅದೇ ದನಿಯ ಒಂದು ಪೋಲಿ ಪದವಿದೆ. ನಾಲ್ಕು ಜನರ ಮುಂದೆ ಅದನ್ನು ಆಡಲಾಗದೆ, ಹಾರ್ಲಿಕ್ಸ್ ತಂದು ಆ ಜಾಗದಲ್ಲಿ ಕೂರಿಸಿದ್ದಾರೆ.

ಇನ್ನೊಂದು ಪೇಚು. ಅದೇ ಬರಹದಲ್ಲಿ ಒಬ್ಬರನ್ನು ಹಾರ್ಲಿಕ್ಸ್ ಕುಡಿಯುವ ಆಸಾಮಿ ಅಂತ ಲೇವಡಿ ಮಾಡಿದೆ. ನಮ್ಮಲ್ಲಿ ಹಾರ್ಲಿಕ್ಸ್ ಬೆಳಗಿನದು. ಸ್ಕೂಲಿಗೆ ಹೊರಡುವ ಮಗು ಉದ್ದ ಬೆಳೆಯಲಿ ಅಂತ ಕೊಡುವುದು. ಇಲ್ಲವೇ ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ಮೂಸಂಬಿ, ಬ್ರೆಡ್ಡಿನ ಜೊತೆ ಒಯ್ಯುವ ಬಾಟ್ಲಿ. (ಖಾಲಿಯಾದ ಮೇಲೆ ಅದರಲ್ಲಿ ಉಪ್ಪಿನಕಾಯಿ, ಅದು ಬೇರೆ ಕಥೆ.) ಬ್ರಿಟನ್ನಿನಲ್ಲಿ ಅದು ರಾತ್ರಿಯದು. 1930ರ ದಶಕದ ಜಾಹೀರಾತುಗಳು 'ರಾತ್ರಿ ಉಪವಾಸ' ಅಂತ ಒಂದು ಕಾಯಿಲೆಯನ್ನೇ ಹುಟ್ಟಿಸಿ, ಮಲಗುವ ಮುಂಚೆ ಇದನ್ನು ಕುಡಿಯಿರಿ ಎಂದವು. ಹಾಗಾಗಿ ಹಾರ್ಲಿಕ್ಸ್ ಕುಡಿಯುವವರು ಅಂದರೆ ಅಲ್ಲಿ ಒಂಬತ್ತಕ್ಕೇ ಹಾಸಿಗೆ ಸೇರುವ ಮೆತ್ತನೆಯ ಜನ. ನಮ್ಮಲ್ಲಿ ಶಕ್ತಿ, ಅಲ್ಲಿ ತೂಕಡಿಕೆ!

ತಮಾಷೆ ಏನೆಂದರೆ ಮೂಲಕ್ಕೆ ಹತ್ತಿರ ಇರುವವರು ನಾವೇ. ಇಂಗ್ಲೆಂಡಿನಿಂದ ಹೋದ ಹಾರ್ಲಿಕ್ ಅಣ್ಣತಮ್ಮಂದಿರು 1873ರಲ್ಲಿ ಅಮೆರಿಕದಲ್ಲಿ ಶುರು ಮಾಡಿದಾಗ ಅದು ಕೂಸುಗಳಿಗೆ, ಕಾಯಿಲೆಯವರಿಗೆ ಅಂತಲೇ ಮಾಡಿದ ಆಹಾರ. ಆಮೇಲೆ ಅಮೆರಿಕದವರು ಮಾಲ್ಟ್ ಪುಡಿಯನ್ನು ಐಸ್‌ಕ್ರೀಮಿಗೆ ಬೆರೆಸಿ ಮಿಲ್ಕ್‌ಶೇಕ್ ಮಾಡಿಕೊಂಡರು. ಹಾಂಗ್‌ಕಾಂಗಿನ ಹೋಟೆಲುಗಳಲ್ಲಿ ಹಾರ್ಲಿಕ್ಸನ್ನು ಬಿಸಿಯಾಗಿಯೂ ಕೊಡುತ್ತಾರೆ, ಐಸ್ ಹಾಕಿಯೂ ಕೊಡುತ್ತಾರೆ.

ಅಡಿಟಿಪ್ಪಣಿ ಹಾಕೋಣ ಅಂದರೆ 'ಮಾಲ್ಟ್' ಅಡ್ಡ ಬರುತ್ತದೆ. ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು. ಹಾರ್ಲಿಕ್ಸಿನಲ್ಲಿ ಅದು ಬಾರ್ಲಿ. ನಮ್ಮ ಕಿವಿಗೆ ಮಾಲ್ಟ್ ಅಂದರೆ ರಾಗಿ ಮಾಲ್ಟ್, ಅದರಲ್ಲೂ ಎಷ್ಟೋ ಕಡೆ ಮೊಳಕೆಯ ಸುದ್ದಿಯೇ ಇರುವುದಿಲ್ಲ. ಹಿಟ್ಟು ಕದಡಿ ಕುದಿಸಿದ್ದು, ಅಂದರೆ ಗಂಜಿಯೇ ಅಲ್ವಾ? 'ಮೊಳಕೆಕಾಳಿನ ಹಾಲುಪುಡಿ' ಎಂದು ಬರೆದುಕೊಂಡಿದ್ದೇನೆ. ಬಾಯಿಗೆ ಒಗ್ಗುತ್ತಿಲ್ಲ.

ಲೇವಡಿಯ ಜಾಗದಲ್ಲಿ 'ಬಿಸಿ ಹಾಲು ಕುಡಿದು ಮಲಗುವ ಆಸಾಮಿ' ಎಂದರೆ ಸಾಕು ಅನಿಸುತ್ತದೆ. ಸ್ಟ್ರಾ ಅವರ ಮಾತೇ ಕಗ್ಗಂಟು. 'ಎಡವಟ್ಟು' ತೀರಾ ಸಪ್ಪೆ. 'ಕಲಸುಮೇಲೋಗರ' ಅರ್ಥಕ್ಕೆ ಸರಿ, ಊಟದ ಪದವೂ ಹೌದು. ಆದರೆ ನನ್ನ ಮನಸ್ಸು 'ಚಿತ್ರಾನ್ನ'ದ ಕಡೆಗೆ. 'ಎಲ್ಲಾ ಚಿತ್ರಾನ್ನ ಆಯ್ತು' ಅಂತೀವಲ್ಲ, ಹಾಗೆ. ಬ್ರಿಟಿಷ್ ಸಚಿವರ ಬಾಯಲ್ಲಿ ಚಿತ್ರಾನ್ನ ಸ್ವಲ್ಪ ಜಾಸ್ತಿಯಾಯಿತೇ ಎಂಬ ಅನುಮಾನ ಇದೆ. ಪೋಲಿ ಪದವನ್ನು ನುಂಗಿಕೊಂಡ ಆ ನಾಚಿಕೆಯೂ ಇದರಲ್ಲಿ ಬರುವುದಿಲ್ಲ.

ಬೈಗುಳ ಬಾಯಿಗೆ ಬಂದಾಗ ಅದೇ ದನಿಯ ಇನ್ನೊಂದು ಪದಕ್ಕೆ ಜಾರಿಕೊಳ್ಳುವ ರೂಢಿ ನಿಮ್ಮ ಊರ ಕನ್ನಡದಲ್ಲಿ ಇದೆಯೇ? ಧಾರವಾಡ, ಮಂಗಳೂರು ಕಡೆಯವರು ದಯವಿಟ್ಟು ಹೇಳಿ. ತಿಂಡಿಯ ಹೆಸರಾದರೆ ಇನ್ನೂ ಒಳ್ಳೆಯದು.