ಸಹಾಯ ಬೇಕು: ಏರಿಯ ಬುಡದಲ್ಲಿ ಕದಡಿದ ನೀರು ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ಈಜೋಕೆ, ದೋಣಿ ಬಿಡೋಕೆ ಅಂತ ನಮ್ಮ ಜಮೀನಿನಲ್ಲಿ ಕಟ್ಟಿದ ಸಣ್ಣ ಮಣ್ಣಿನ ಅಣೆಕಟ್ಟು ಇದೆ. ಎತ್ತರ ಸುಮಾರು 4 ಮೀಟರ್. ತೂಬಿನ ಕೊಳವೆ ಹೊರಬರುವ ಜಾಗದ ಪಕ್ಕದಲ್ಲೇ ಈಗ ನೀರು ಜಿನುಗುತ್ತಿದೆ.

ಮಣ್ಣಿನ ಏರಿ ಅಂದಮೇಲೆ ಸ್ವಲ್ಪ ಜಿನುಗು ಸಹಜ. ತಿಳಿ ನೀರಾಗಿದ್ದರೆ ಇಷ್ಟು ಗಾಬರಿ ಆಗುತ್ತಿರಲಿಲ್ಲ. ಆದರೆ ಗಾಜಿನ ಲೋಟದಲ್ಲಿ ಹಿಡಿದಿಟ್ಟರೆ ತಳದಲ್ಲಿ ನುಣ್ಣನೆ ಮಣ್ಣು ಕೂರುತ್ತಿದೆ. ಅಂದರೆ ಏರಿಯ ಒಳಗಿನ ಮಣ್ಣೇ ಕೊಚ್ಚಿ ಬರುತ್ತಿದೆ ಅಲ್ವಾ? 1976ರಲ್ಲಿ ಅಮೆರಿಕದ ಟೀಟನ್ ಅಣೆಕಟ್ಟು ಒಡೆದದ್ದೂ ಹೀಗೆ ಒಳಗೊಳಗೇ ಮಣ್ಣು ಸವೆದು. ನಮ್ಮದು ತುಂಬಾ ಚಿಕ್ಕದು, ಆದರೂ ಕೆಳಗಡೆ ಮನೆಗಳಿವೆ. ಅವರಿಗೆ ಆಗಲೇ ತಿಳಿಸಿದ್ದೇವೆ.

ತೂಬು ಮುಟ್ಟದೆ ಪಂಪ್ ಇಟ್ಟು ನೀರು ಇಳಿಸುತ್ತಿದ್ದೇವೆ. ಒಮ್ಮೆಲೇ ಖಾಲಿ ಮಾಡಿದರೆ ಒಳಬದಿಯ ಒದ್ದೆ ಇಳಿಜಾರು ಕುಸಿಯಬಹುದು, ಅದಕ್ಕೇ ನಿಧಾನ. ಕೋಡಿಯಲ್ಲಿದ್ದ ಕಸಕಡ್ಡಿ ತೆಗೆದಾಯ್ತು.

ನೀರು ಬರುವ ಬಾಯಿಗೆ ಸಿಮೆಂಟ್ ಮೆತ್ತಿಬಿಡಿ ಅಂತ ಕೆಲವರು ಹೇಳುತ್ತಿದ್ದಾರೆ. ನನಗೆ ಅದು ಸರಿ ಅನ್ನಿಸುತ್ತಿಲ್ಲ. ಒತ್ತಡ ಒಳಗೇ ಉಳಿದು ನೀರು ಬೇರೆ ದಾರಿ ಹುಡುಕುತ್ತದೆ. ಮರಳು, ಅದರ ಮೇಲೆ ಜಲ್ಲಿ ಹರಡಿದರೆ ನೀರು ಹೋಗಿ ಮಣ್ಣು ಉಳಿಯುತ್ತದೆ. ಆದರೆ ಯಾವ ಗಾತ್ರದ ಮರಳು, ಎಷ್ಟು ದಪ್ಪ?

ಏರಿಯ ಮೇಲೆ ದೊಡ್ಡ ಮರವೂ ಒಂದಿದೆ. ಸುಮ್ನೆ ಕಡಿದರೆ ಬೇರು ಕೊಳೆತು ನೀರಿಗೆ ದಾರಿಯಾಗುತ್ತದೆ. ಬೇರುಸಮೇತ ಕೀಳಬೇಕಾ?

ಮಣ್ಣಿನ ಅಣೆಕಟ್ಟಿನ ಕೆಲಸ ಮಾಡಿರುವ ಎಂಜಿನಿಯರ್‌ಗಳಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ಫೋಟೋ, ವಿಡಿಯೋ ಕಳಿಸುತ್ತೇನೆ. ಬಂದು ನೋಡುವುದಾದರೆ ಶುಲ್ಕ ಕೊಡುತ್ತೇವೆ.